ದಫೇದಾರನ ಹೆಬ್ಬೆರಳು

"ಬುದ್ಧಿ, ನನ್ನ ಮಗಳು ಓಣಿಯ ಮಕ್ಕಳ ಮುಂದೆ ಇಡೀ ಹಾಡು ಹಾಡುತ್ತಾಳೆ. ನಾನು ಪಾಠಕ್ಕೆ ಕೂರಿಸಿದರೆ ಎರಡನೇ ಸಾಲಿಗೇ ನಿಂತುಬಿಡುತ್ತಾಳೆ. ಹಾಡು ಅವಳಿಗೆ ಒಲಿಯದು. ಪಾಠ ಬಿಡಿಸಿಬಿಡಲೇ?" ಎಂದು ಶಿಷ್ಯ ಗುರುಸಿದ್ದ ಕೇಳಿದ.

ಗುರುಗಳು ಹೇಳಿದರು:

ಬಿಡಿಸುವುದಕ್ಕೆ ಏನವಸರ, ಮಾರಾಯ? ಕೂತುಕೋ. ಒಬ್ಬ ದಫೇದಾರನಿದ್ದ. ಅವನಿಗೆ ಠಾಣೆಯಲ್ಲಿ ಒಂದು ಪಿಸ್ತೂಲು ಕೊಟ್ಟಿದ್ದರು. ಹೆಂಡತಿಯ ಒಡವೆಯನ್ನೂ ಯಾರೂ ಅಷ್ಟು ಒರೆಸಿಡುವುದಿಲ್ಲ, ಅಂಥ ಅಕ್ಕರೆ ಅವನದು. ಪಿಸ್ತೂಲಿನ ರೀತಿ ನಿನಗೆ ತಿಳಿದಿರಲಿ. ಪ್ರತಿ ಗುಂಡಿಗೂ ಮೇಲಿನ ಸ್ಲೈಡು ಹಿಂದೆ ಹೋಗುತ್ತದೆ, ಮುಂದೆ ಬರುವಾಗ ಇನ್ನೊಂದು ಗುಂಡನ್ನು ಒಳಗೆ ತಳ್ಳುತ್ತದೆ. ಗುಂಡೆಲ್ಲ ಮುಗಿದಾಗ ಮಾತ್ರ ಹಿಂದೆಯೇ ಲಾಕಾಗಿ ನಿಲ್ಲಬೇಕು. ಇವನದು ಐದು ಗುಂಡು ಬಾಕಿ ಇರುವಾಗಲೇ ನಿಂತುಬಿಡುತ್ತಿತ್ತು.

ಆಯುಧ ರಿಪೇರಿಯ ಮುದುಕ ಗುಂಡು ತುಂಬುವ ಮ್ಯಾಗಜಿನ್ ಬದಲಿಸಿದ. ಸ್ಪ್ರಿಂಗು ಬದಲಿಸಿದ. ತಾನೇ ಹಾರಿಸಿ ನೋಡಿದ; ಸರಾಗ. ದಫೇದಾರ ಹಾರಿಸಿದರೆ ಮತ್ತೆ ಅದೇ ರಾಗ. ಕೊನೆಗೆ ದಫೇದಾರ, "ಇದು ಕೆಟ್ಟಿದೆ, ಕರಗಿಸಿಬಿಡಿ" ಎಂದು ಅರ್ಜಿ ಬರೆದ. ಬರೆಯುವಾಗ ಅತ್ತನಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳು ಅನ್ನುತ್ತೇವೆ. ಪಾಪ, ಇವನು ನೆಪ ಹೇಳಲಿಲ್ಲ, ನಿಜವಾಗಿಯೇ ನಂಬಿದ್ದ.

ಮುದುಕ ಅರ್ಜಿ ಮುಟ್ಟಲಿಲ್ಲ. "ದಫೇದಾರರೇ, ಇಷ್ಟು ದಿನ ಪಿಸ್ತೂಲು ನೋಡಿದೆ. ಇನ್ನೊಂದು ಸಲ ಹಾರಿಸಿ, ನಿಮ್ಮ ಕೈ ನೋಡುತ್ತೇನೆ" ಎಂದ.

ದಫೇದಾರ ಗುರಿ ಹಿಡಿದ. ಎಲ್ಲಿ ಜಾರಿಬಿಡುತ್ತದೋ ಎಂದು ಹೆಬ್ಬೆರಳನ್ನು ಪಕ್ಕಕ್ಕೆ ಒತ್ತಿದ್ದ. ಲಾಕಿನ ಚಿಕ್ಕ ಪಟ್ಟಿ ಇರುವುದು ಅಲ್ಲೇ. ಗುಂಡು ಹಾರಿದ ಅದುರಿಗೆ ಆ ಬೆರಳೇ ಪಟ್ಟಿಯನ್ನು ಮೇಲೆತ್ತಿ ಸ್ಲೈಡನ್ನು ಲಾಕು ಮಾಡುತ್ತಿತ್ತು. ಮುದುಕ ಪಿಸ್ತೂಲು ಕೆಳಗಿಡಿಸಿ, ಬೆರಳು ಎಲ್ಲಿಡಬೇಕೆಂದು ತೋರಿಸಿಕೊಟ್ಟ. ಆಮೇಲೆ ಒಂದು ಗುಂಡೂ ತಡೆಯಲಿಲ್ಲ.

"ಅಯ್ಯೋ, ನಾನು ಇದಕ್ಕೆ ಕೇಡು ಬಯಸಿದವನಲ್ಲಪ್ಪ!" ಎಂದ ದಫೇದಾರ.

"ಬಯಸಿದವರಲ್ಲ. ಬೀಳದಿರಲಿ ಅಂತ ಹಿಡಿದವರು. ಅದಕ್ಕೇ ನಿಮಗೆ ಕಾಣಲಿಲ್ಲ" ಎಂದ ಮುದುಕ.

ಕತೆ ಮುಗಿಯಿತು. ಗುರುಸಿದ್ದ ತಲೆ ಕೆರೆದುಕೊಂಡ. "ನಾನು ಮಗಳನ್ನು ಒಂದು ದಿನವೂ ಬೈದಿಲ್ಲ, ಬುದ್ಧಿ. ಪಲ್ಲವಿ ಮುಗಿಯುವಷ್ಟರಲ್ಲಿ, ಮುಂದೆ ತಪ್ಪೀತು ಎಂದು ಮೊದಲೇ ತಿದ್ದುತ್ತೇನೆ, ಅಷ್ಟೇ."

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಕೇಳಿದರು: "ಎರಡನೇ ಸಾಲಿನಲ್ಲೇ, ಅಲ್ಲವೇ ಮಗು?"