ಸರ್ವರಿಗೆ ಗೊತ್ತಾಗದ ಸಂಗತಿ

ನೀರು ಸರಬರಾಜು ಕಚೇರಿಗೆ ಬಂದ ಹೊಸ ಸಾಹೇಬರು ಮೊದಲ ದಿನವೇ ಎರಡು ಆದೇಶ ಹೊರಡಿಸಿದರು. ಹಳೆಯ ಸರ್ವರಿನ ಕೋಣೆಗೆ ಬೀಗ. ಆ ಸರ್ವರಿನೊಳಕ್ಕೆ ಯಾರೂ ಹೊಸ ಪ್ರೋಗ್ರಾಂ ಏನನ್ನೂ ಹಾಕುವಂತಿಲ್ಲ. ಎರಡನೆಯದು, ಯಾವ ಬೀದಿಗೆ ಯಾವಾಗ ನೀರು ಅನ್ನೋದು ಸೋಮವಾರದೊಳಗೆ ಜನರ ಮೊಬೈಲಿನಲ್ಲಿ ಕಾಣಬೇಕು. ಕಾಣದಿದ್ದರೆ ಗುಮಾಸ್ತೆ ಸಿದ್ಧಲಿಂಗಮ್ಮನಿಗೆ ವರ್ಗ.

ಕೈಕಾಲು ಕಟ್ಟಿ ಈಜು ಅಂದಂತಾಯಿತು. ಸಿದ್ಧಲಿಂಗಮ್ಮ ಜಗಳಕ್ಕೆ ಹೋಗಲಿಲ್ಲ. ಆ ಸರ್ವರ್ ಇಪ್ಪತ್ತು ವರ್ಷದಿಂದ ದಿನಾ ಬೆಳಿಗ್ಗೆ ನೀರಿನ ಪಟ್ಟಿಯನ್ನು ತಾನಾಗಿಯೇ ಪ್ರಿಂಟ್ ಮಾಡುತ್ತಿತ್ತು. ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದವಳು ಇವಳೇ. ಸರ್ವರಿನಿಂದ ಕೋಣೆಯ ಹೊರಗಿದ್ದ ಪ್ರಿಂಟರಿಗೆ ಬರುತ್ತಿದ್ದ ವೈರನ್ನು ಕಿತ್ತು ತನ್ನ ಮೇಜಿನ ಕಂಪ್ಯೂಟರಿಗೆ ಸಿಕ್ಕಿಸಿದಳು. ಎರಡು ದಿನ ಕೂತು ಅದಕ್ಕೆ ಒಂದೇ ಕೆಲಸ ಕಲಿಸಿದಳು: ಬಂದ ಪಟ್ಟಿಯನ್ನು ಕೇಳಿದವರ ಮೊಬೈಲಿಗೆ ಕೊಡೋದು.

ಸೋಮವಾರ ಸಾಹೇಬರಿಗೆ ಅವರ ಹೆಂಡತಿಯೇ ಫೋನ್ ಮಾಡಿದರು. "ನಮ್ಮ ಬೀದಿಗೆ ಹತ್ತಕ್ಕೆ ನೀರಂತೆ ಕಣ್ರೀ, ಮೊಬೈಲಲ್ಲಿ ಬಂದಿದೆ."

ಸಾಹೇಬರು ಸರ್ವರ್ ಕೋಣೆಗೆ ಓಡಿದರು. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಕೀಲಿ ಅವರ ಜೇಬಿನಲ್ಲೇ ಇತ್ತು.

"ಸರ್ವರ್ ಮುಟ್ಟಿದ್ದು ಯಾರಮ್ಮ?"

"ಯಾರೂ ಇಲ್ಲ ಸಾರ್. ಎಂದಿನ ಹಾಗೆ ಪ್ರಿಂಟ್ ಮಾಡ್ತಿದೀನಿ ಅಂತಲೇ ಅದು ಅಂದ್ಕೊಂಡಿದೆ. ನೀವೂ ಹೇಳೋಕೆ ಹೋಗಬೇಡಿ, ವಯಸ್ಸಾಗಿದೆ, ಗಾಬರಿ ಬೀಳುತ್ತೆ."