ಕೆಂಪು ಗೆರೆ ನಿಂತ ಜಾಗ

ಖೋ-ಖೋ ಪಂದ್ಯದ ಉದ್ದನೆಯ ವಿಡಿಯೋ ಕಂಪ್ಯೂಟರಿನಲ್ಲಿ ಮಲಗಿತ್ತು. ಓಟಗಾರ್ತಿ ನೀಲವ್ವ ಔಟಲ್ಲ ಎಂದು ಅವಳ ತಂಡ ತಕರಾರು ಹೂಡಿತ್ತು. ತಕರಾರು ಗೆದ್ದರೆ ಕಪ್ ಅವರದು. ಆ ತಂಡದ ಕಂಪ್ಯೂಟರಿನಿಂದಲೇ ಸಾಕ್ಷಿಯ ತುಣುಕನ್ನಷ್ಟೇ ಕತ್ತರಿಸಿ ತೀರ್ಪುಗಾರರಿಗೆ ಕಳಿಸಬೇಕಿತ್ತು. ಅದು ಎಡಿಟಿಂಗ್ ಸಾಫ್ಟ್‌ವೇರಿನ ಇಬ್ಬರ ಕೆಲಸ: ದೃಶ್ಯದಿಂದ ದೃಶ್ಯಕ್ಕೆ ನಡೆಯುವ ಕೆಂಪು ಗೆರೆ, ಮತ್ತು ಗೆರೆ ನಿಂತಲ್ಲಿ ಮಾತ್ರ ಕತ್ತರಿಸಬಲ್ಲ ಕತ್ತರಿ.

“ಬೇಗ ಹೆಜ್ಜೆ ಹಾಕಯ್ಯ,” ಎಂದಿತು ಕತ್ತರಿ.

ಗೆರೆ ಓಡಲಿಲ್ಲ. ಒಂದೊಂದೇ ಫ್ರೇಮ್ ದಾಟಿ ಒಂದು ಕಡೆ ನಿಂತಿತು. ಅಲ್ಲಿ ಎದುರಾಳಿಯ ಬೆರಳು ನೀಲವ್ವನ ಬೆನ್ನನ್ನು ಮುಟ್ಟಿತ್ತು.

ಕತ್ತರಿ ದನಿ ತಗ್ಗಿಸಿತು. “ಇದೊಂದು ಫ್ರೇಮ್ ತಾನೆ? ಈಚೆಗೊಮ್ಮೆ, ಆಚೆಗೊಮ್ಮೆ ನಿಲ್ಲು, ಎಗರಿಸಿಬಿಡುತ್ತೇನೆ. ಯಾರಿಗೆ ಗೊತ್ತಾಗುತ್ತೆ?”

“ನನಗೆ ಗೊತ್ತಾಗಿದೆ.”

“ಅಬ್ಬಬ್ಬಾ, ಏನು ಮಡಿವಂತಿಕೆ! ನೀನು ಯಾವ ತಂಡದವನಯ್ಯ?”

“ತುಣುಕು ಚಿಕ್ಕದಾಗಲಿ, ಸುಳ್ಳಾಗಬಾರದು. ಓಟ ಶುರುವಾಗುವಲ್ಲಿ ಒಮ್ಮೆ ನಿಲ್ಲುತ್ತೇನೆ, ಮುಗಿಯುವಲ್ಲಿ ಒಮ್ಮೆ ನಿಲ್ಲುತ್ತೇನೆ. ನಡುವೆ ನಿಲ್ಲುವುದಿಲ್ಲ.”

ಕತ್ತರಿ ಬೈದುಕೊಂಡೇ ಆ ಎರಡು ಕಡೆ ಕತ್ತರಿಸಿತು. ಬೆರಳು ಮುಟ್ಟಿದ ಫ್ರೇಮ್ ಸಮೇತ ತುಣುಕು ತೀರ್ಪುಗಾರರಿಗೆ ಹೋಯಿತು. ತಕರಾರು ಬಿದ್ದುಹೋಯಿತು, ಕಪ್ ಕೈತಪ್ಪಿತು.

“ನಮ್ಮವರನ್ನು ಸೋಲಿಸಿಬಿಟ್ಟೆಯಲ್ಲ!” ಎಂದು ಕತ್ತರಿ ಹಲ್ಲು ಕಡಿಯಿತು.

“ಸೋತಿದ್ದು ಮೈದಾನದಲ್ಲಿ,” ಎಂದಿತು ಗೆರೆ. “ನಡಿ, ಮುಂದಿನ ಪಂದ್ಯದ ವಿಡಿಯೋ ಬಂದಿದೆ. ಮೊದಲಿನಿಂದ ನೋಡೋಣ.”