ಎಡಗಾಲು ಎಳೆಯುವ ರೋಬೋ

"ಅಮ್ಮಾ, ನೀವು ಇಪ್ಪತ್ತೆರಡನೆಯ ವಯಸ್ಸಿಗೆ ಗಂಡನ ಮನೆ ಬಿಟ್ಟು ಬಂದವರು. ಬಂದ ಮೇಲೆ ಹಿಂದೆ ತಿರುಗಿ ನೋಡಲಿಲ್ಲ. ನಾನೂ ಹೆಂಡತಿಯನ್ನು ಬಿಟ್ಟು ಈ ಆಶ್ರಮದಲ್ಲಿಯೇ ಉಳಿಯಬೇಕೆಂದಿದ್ದೇನೆ. ನಿಮ್ಮ ದಾರಿಯಲ್ಲೇ ನಡೆಯುವುದು ಸರಿ ತಾನೆ?" ಎಂದು ಒಬ್ಬ ಶಿಷ್ಯ ಗುರುವಮ್ಮನನ್ನು ಕೇಳಿದ.

ಅವನ ಹೆಂಡತಿ ಹೊರಗೆ ಜಗಲಿಯ ಮೇಲೆ ಉತ್ತರಕ್ಕೆ ಕಾದು ಕುಳಿತಿದ್ದಳು.

ಗುರುವಮ್ಮ ಬಾಗಿಲ ಕಡೆ ಒಮ್ಮೆ ನೋಡಿದರು. "ಕೂತುಕೋ" ಎಂದರು. "ಒಂದು ಸಂಸಾರದ ಸುದ್ದಿ ಇದೆ. ಆಡಬಾರದ ಮಾತು. ಆದರೂ ಆಡುತ್ತೇನೆ, ಒಳಗೇ ಇಟ್ಟುಕೊಂಡರೆ ನನಗೆ ಊಟ ಸೇರುವುದಿಲ್ಲ." ಹೀಗೆಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ದರ್ಜಿ ಇದ್ದ. ರವಿಕೆ ಹೊಲಿಯುವುದರಲ್ಲಿ ಗಟ್ಟಿಗ. ಸೂಜಿ, ಕತ್ತರಿ ಬಿಟ್ಟರೆ ಬೇರೆ ಕಬ್ಬಿಣ ಮುಟ್ಟಿದವನಲ್ಲ. ಅಂಥವನು ಒಂದು ಸಿನಿಮಾ ನೋಡಿದ. ಅದರಲ್ಲಿ ಒಂದು ರೋಬೋ ಬರುತ್ತದೆ. ತಗಡಿನ ಮೈ, ದೀಪದ ಕಣ್ಣು. ಒಳಗೆ ಒಬ್ಬ ನಟ ನಿಂತು ನಡೆಯುತ್ತಾನೆ ಎಂದು ಎಲ್ಲರಿಗೂ ಗೊತ್ತು. ದರ್ಜಿಗೂ ಗೊತ್ತು. ಆದರೂ ಅದೇ ಸಿನಿಮಾವನ್ನು ಒಂಬತ್ತು ಸಲ ನೋಡಿದ. ಹತ್ತನೆಯ ಸಲ ನೋಡಿ ಬಂದವನು, ಅಂಥದ್ದೇ ಒಂದನ್ನು ಮಾಡಿ ಮನುಷ್ಯನಿಲ್ಲದೆ ನಡೆಸುತ್ತೇನೆ ಎಂದ. ಐವತ್ತು ಹತ್ತಿರವಾದ ಗಂಡಸು. ನಾಚಿಕೆ ಬೇಡವೆ?

ಕೆಲಸ ಗೊತ್ತಿಲ್ಲ. ಗೊತ್ತಿದ್ದದ್ದು ಅಳತೆ ಒಂದೇ. ಅಂಗಡಿಯ ಹಿಂದಿನ ಕೋಣೆಯಲ್ಲಿ ಟಿವಿ ಇಟ್ಟ. ಸಿನಿಮಾ ನಿಲ್ಲಿಸಿ, ಗಾಜಿನ ಮೇಲೆ ಟೇಪು ಹಿಡಿದು ರೋಬೋವಿನ ಎದೆ, ಸೊಂಟ, ತೋಳು ಎಲ್ಲ ಅಳೆದ. ಕಾಗದ ಕತ್ತರಿಸಿದ. ಕಾಗದವನ್ನು ತಗಡಿನ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದ. ಬೆಸುಗೆ ಹಾಕಲು ಬಾರದು. ಅದಕ್ಕೆ ತಗಡಿಗೆ ತೂತು ಕೊರೆದು ತಂತಿಯಲ್ಲಿ ಹೊಲಿದ. ಹಾಲಿನ ಕ್ಯಾನು ಎದೆಯಾಯಿತು. ಹೆಂಡತಿ ಮೂರು ದಿನದಿಂದ ಹುಡುಕುತ್ತಿದ್ದ ಕುಕ್ಕರು ತಲೆಯಾಯಿತು. ಗುಜರಿಗೆ ಬಿದ್ದ ಬಸ್ಸಿನಿಂದ ವೈಪರ್ ಮೋಟಾರು ತಂದು ಕಾಲಿಗೆ ಕಟ್ಟಿದ.

ಬೀದಿಯಲ್ಲಿ ಏನು ಹುಟ್ಟಿತು ಕೇಳು. ಪಕ್ಕದ ಮನೆಯವಳು ಕಿಟಕಿಯಲ್ಲಿ ಇಣುಕಿದಳು. ದರ್ಜಿ ಮಂಡಿಯೂರಿ ಯಾರದೋ ಸೊಂಟವನ್ನು ಎರಡು ಕೈಯಲ್ಲೂ ತಬ್ಬಿದ್ದ. ಯಾರದು ಎಂದು ನೋಡಲು ಅವಳಿಗೆ ಪುರುಸೊತ್ತೆಲ್ಲಿ? ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ನಾಲ್ಕು ಮನೆಗೆ ಹೇಳಿ ಬಂದಳು. ನಲ್ಲಿಯ ಹತ್ತಿರ ಹೆಂಡತಿಯ ಕಿವಿಗೂ ಬಿತ್ತು. ಅವಳು ಕೊಡ ಅಲ್ಲೇ ಬಿಟ್ಟು ಓಡಿ ಬಂದಳು. ಬಾಗಿಲು ತಳ್ಳಿದರೆ, ತನ್ನ ಕುಕ್ಕರು ಹೊತ್ತು ನಿಂತ ತಗಡಿನ ಮನುಷ್ಯ. ನಕ್ಕುಬಿಟ್ಟಳು.

ಅಂದಿನಿಂದ ಅವಳೂ ಕೈಹಾಕಿದಳು. ಇವನು ತಂತಿ ಎಳೆದರೆ ಅವಳು ಕಾಲು ಹಿಡಿಯುವಳು. ಅವರಿಗೆ ಮಕ್ಕಳಿರಲಿಲ್ಲ. ದೋಷ ಯಾರದು ಎಂದು ಬೀದಿಯಲ್ಲಿ ಎರಡು ಪಕ್ಷವಿತ್ತು, ಅದು ಈಗ ಬೇಡ.

ಒಂದು ದಿನ ರೋಬೋ ನಡೆಯಿತು. ಹೊಲಿಗೆ ಯಂತ್ರದಿಂದ ಹೊಸ್ತಿಲವರೆಗೆ ಏಳು ಹೆಜ್ಜೆ, ನೂಲು ಹಿಡಿದ ಹಾಗೆ ನೆಟ್ಟಗೆ. ಗ್ಯಾರೇಜಿನ ಮೆಕ್ಯಾನಿಕ್ಕು ಬಂದು ನೋಡಿ ಬಾಯಿ ಬಿಟ್ಟ. ಕಲಿತವರಿಗೂ ಇದು ಸುಲಭವಲ್ಲ ಎಂದ. ಹೆಂಡತಿ ಅದರ ಕೆನ್ನೆಗೆ ಕಪ್ಪು ಬೊಟ್ಟಿಟ್ಟು ದೃಷ್ಟಿ ತೆಗೆದಳು.

ಆಮೇಲೆ ದರ್ಜಿ ಸಂತೋಷಕ್ಕೆಂದು ಮತ್ತೆ ಸಿನಿಮಾ ಹಾಕಿದ. ನೋಡುತ್ತಾ ನೋಡುತ್ತಾ ಮುಖ ಬಿಳಿಚಿತು.

"ಲೇ, ಬಾ ಇಲ್ಲಿ. ಅದು ಎಡಗಾಲು ಎಳೆಯುತ್ತೆ ನೋಡು."

"ಎಳೀಲಿ ಬಿಡ್ರೀ. ನಮ್ದು ಎಳೆಯಲ್ಲ."

"ಹಾಗಾದ್ರೆ ನಮ್ದು ಅದಲ್ಲ" ಎಂದು ಅವನು ಗರಗಸ ತಂದ.

"ನೆಟ್ಟಗೆ ನಡೆಯೋ ಕಾಲನ್ನ ಕೈಯಾರೆ ಕುಂಟು ಮಾಡ್ತೀರಾ? ಮಾಡಿ. ಅಂಥ ಮನೇಲಿ ನಾನಿರಲ್ಲ."

ಹೆದರಿಸುತ್ತಾಳೆ ಎಂದುಕೊಂಡ. ಎಡಮಂಡಿ ಕೊಯ್ದ. ಅವಳು ಬಟ್ಟೆಯ ಗಂಟು ಕಟ್ಟಿ ತವರಿಗೆ ಹೋದಳು.

ಬೀದಿಗೆ ಬೀದಿಯೇ ದಂಗಾಯಿತು. ತಗಡಿನ ಕಾಲಿಗಾಗಿ ಯಾವ ಹೆಂಗಸಾದರೂ ಗಂಡನನ್ನು ಬಿಡುತ್ತಾಳೆಯೆ? ಒಳಗೆ ಬೇರೆ ಏನೋ ಇದೆ ಎಂದರು. ಮೂರು ಕಾರಣ ಹುಟ್ಟಿಸಿದರು. ಅದರಲ್ಲಿ ಒಂದು ನನ್ನದು, ಸುಳ್ಳು ಯಾಕೆ ಹೇಳಲಿ.

ಹೆಂಡತಿಯ ಅಣ್ಣ ನಡುವೆ ಓಡಾಡಿದ. ಕಾಲು ಸರಿಮಾಡಿ ಕರೆಯಲು ಬರಲಿ, ಬರುತ್ತೇನೆ ಎಂದು ಅವಳು ಹೇಳಿ ಕಳಿಸಿದಳು. ದರ್ಜಿ ಒಪ್ಪಲಿಲ್ಲ. ಸಿನಿಮಾದವರು ದಡ್ಡರಲ್ಲ, ಆ ಕುಂಟಿನಲ್ಲಿ ದೊಡ್ಡ ಅರ್ಥವಿದೆ ಎಂದ. ಕೊನೆಗೆ ಒಂದು ಮಾತಾಯಿತು. ತಗಡಿನೊಳಗೆ ನಡೆದ ಆ ನಟನನ್ನೇ ಕೇಳುವುದು. ಕುಂಟಬೇಕು ಎಂದು ಅವನು ಹೇಳಿದರೆ ಹೆಂಡತಿ ತಾನಾಗಿ ಬರಬೇಕು. ಬೇಡ ಎಂದರೆ ದರ್ಜಿ ಅಂದೇ ಕಾಲು ನೆಟ್ಟಗೆ ಮಾಡಿ ಕರೆಯಲು ಹೋಗಬೇಕು. ಎಂಥ ಕಾಲ ನೋಡು. ಗಂಡ ಹೆಂಡಿರ ಬಾಳು ಹೋಗಿ ಯಾರೋ ನಟನ ನಾಲಿಗೆಯ ಮೇಲೆ ನಿಂತಿತು.

ನಡೆಸುವುದಕ್ಕಿಂತ ಕುಂಟಿಸುವುದು ಕಷ್ಟ. ಕೊಯ್ದ ಕಾಲು ನಿಲ್ಲಲಿಲ್ಲ. ರೋಬೋ ದಿನಕ್ಕೆ ಹತ್ತು ಸಲ ಮುಗ್ಗರಿಸಿ ಬಿತ್ತು. ಸೊಂಟದ ಯಾವ ಬದಿ ಮೊದಲು ಇಳಿಯುತ್ತದೆ ಎಂದು ತಿಳಿಯಲು ದರ್ಜಿ ತಾನೇ ಕೋಣೆಯ ಸುತ್ತ ಕುಂಟಿದ. ಒಂದು ವರ್ಷ ಕುಂಟಿದ. ರವಿಕೆ ಕೊಟ್ಟವರು ಬಂದು ಬೈದು ಬಟ್ಟೆ ವಾಪಸ್ಸು ಒಯ್ದರು. ವರ್ಷದ ಕೊನೆಗೆ ರೋಬೋ ಕುಂಟಲು ಕಲಿಯಿತು. ಅಷ್ಟು ಹೊತ್ತಿಗೆ ದರ್ಜಿ ಹಾಲು ತರಲು ಹೋದರೂ ಎಡಗಾಲು ಎಳೆಯುತ್ತಿದ್ದ. ಅದು ಊರಿಗೆಲ್ಲ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

ಆಗ ಒಂದು ಸೀರೆ ಅಂಗಡಿ ತೆರೆಯಲು ಆ ನಟ ಅದೇ ಪೇಟೆಗೆ ಬಂದ. ವೇದಿಕೆಯ ಮೆಟ್ಟಿಲನ್ನು ಎಡಗಾಲು ಎಳೆಯುತ್ತಾ ಹತ್ತಿದ. ಜನ ಶಿಳ್ಳೆ ಹೊಡೆದರು, ಕೈ ಮುಗಿದರು. ದರ್ಜಿಯ ಕಣ್ಣಲ್ಲಿ ನೀರು. ಹೆಂಡತಿ ಬಂದ ಹಾಗೆಯೇ ಎಂದುಕೊಂಡ.

ಎಲ್ಲ ಮುಗಿದ ಮೇಲೆ ಅಂಗಡಿಯ ಹಿಂದಿನ ಗೋದಾಮಿಗೆ ರೋಬೋವನ್ನು ಹೊತ್ತು ತಂದರು. ಹೆಂಡತಿ ಅಣ್ಣನ ಜೊತೆ ಬಂದು ಬಾಗಿಲಲ್ಲಿ ನಿಂತಳು. ದರ್ಜಿ ಗುಂಡಿ ಒತ್ತಿದ. ರೋಬೋ ನಾಲ್ಕು ಹೆಜ್ಜೆ ಕುಂಟಿತು. ನಟನ ಮುಖದ ನಗು ಹೋಯಿತು.

"ಇದರ ಕಾಲಿಗೆ ಏನಾಯ್ತಪ್ಪ?"

"ನಿಮ್ಮದೇ ನಡಿಗೆ ಸ್ವಾಮಿ. ಒಂದು ಕೂದಲೆಳೆ ವ್ಯತ್ಯಾಸ ಇಲ್ಲ."

"ಅಯ್ಯೋ ಪುಣ್ಯಾತ್ಮ! ಆಗ ನನ್ನ ಅಂಗಾಲಲ್ಲಿ ಕುರು ಎದ್ದಿತ್ತು ಕಣಯ್ಯ. ಕಾಲೂರಿದರೆ ಜೀವ ಹೋಗ್ತಿತ್ತು. ಶೂಟಿಂಗ್ ನಿಲ್ಲಿಸಲಿಲ್ಲ, ಹಾಗೇ ನಡೆದೆ. ಹದಿನೈದು ದಿನಕ್ಕೆ ಒಡೆದು ವಾಸಿ ಆಯ್ತು. ರೋಬೋ ಕುಂಟಬೇಕು ಅಂತ ಯಾರೂ ಹೇಳಿರಲಿಲ್ಲ."

ಕೇಳಿದೆಯಾ? ಕುರು! ಅಣ್ಣ ಸೀರೆಯ ಮೂಟೆಯ ಮೇಲೆ ದೊಪ್ಪನೆ ಕುಳಿತ. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದರ್ಜಿ ರೋಬೋವಿನ ಎಡಪಾದವನ್ನೇ ನೋಡುತ್ತಿದ್ದ. ಅವಳು ಬೈಯಲಿಲ್ಲ, ಗೆದ್ದೆ ಎಂದು ಕುಣಿಯಲಿಲ್ಲ. "ಕಾಯ್ತಿರ್ತೀನಿ, ಬನ್ನಿ" ಎಂದಷ್ಟೇ ಹೇಳಿ ಹೋದಳು.

ಗಂಟು ಕಟ್ಟಿಕೊಂಡು ತವರಿನ ಬಾಗಿಲಲ್ಲಿ ಮೂರು ದಿನ ಕುಳಿತಳು. ಅವನು ಬರಲಿಲ್ಲ.

ನಾಲ್ಕನೆಯ ದಿನ ಅಣ್ಣ ಹೋಗಿ ನೋಡಿದ. ಮಂಡಿ ಹಾಗೆಯೇ ಇತ್ತು. ದರ್ಜಿ ರೋಬೋವನ್ನು ನೆಲದ ಮೇಲೆ ಮಲಗಿಸಿ, ಮೇಣದಲ್ಲಿ ಒಂದು ಕುರು ಮಾಡಿ, ಅದರ ಎಡ ಅಂಗಾಲಿಗೆ ಅಂಟಿಸುತ್ತಿದ್ದ. ತಲೆ ಎತ್ತಿ, "ಭಾವ, ಎರಡು ಕಾಲಿರುವಾಗ ಅದು ಎಡಗಾಲಿಗೇ ಯಾಕೆ ಎದ್ದಿತು ಹೇಳಿ? ಸುಮ್ಮನೆ ಏಳಲಿಲ್ಲ. ಅದರ ಅಳತೆ ಕೇಳಿ ಅವರಿಗೆ ಕಾಗದ ಬರೆದಿದ್ದೇನೆ" ಎಂದನಂತೆ.

ಅಣ್ಣ ಬಂದು ಹೇಳಿದ್ದನ್ನು ಹೆಂಡತಿ ಪೂರ್ತಿ ಕೇಳಿದಳು. ಆಮೇಲೆ ಗಂಟು ಬಿಚ್ಚಿ, ಸೀರೆಗಳನ್ನು ಒಂದೊಂದಾಗಿ ಮಡಿಸಿ ತವರಿನ ಪೆಟ್ಟಿಗೆಯಲ್ಲಿ ಇಟ್ಟಳು.

ಗುರುವಮ್ಮ ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಇಳಿದಿತ್ತು. ಅವನು ಕೇಳಿದ: "ಅಮ್ಮಾ, ನಟನ ಕುರು ಎಂದೋ ವಾಸಿಯಾಗಿತ್ತಲ್ಲ. ಮತ್ತೆ ವೇದಿಕೆ ಹತ್ತುವಾಗ ಯಾಕೆ ಕುಂಟಿದ?"

ಗುರುವಮ್ಮ ಹೇಳಿದರು: "ನಾವು ನೆಟ್ಟಗೆ ನಡೆದರೆ ನೀವು ಕೈ ಮುಗಿಯುವುದಿಲ್ಲವಲ್ಲ, ಮಗಾ."